ಲಾಭ, ಎರಡು, ಮೂರು

2002ರ ಸೆಪ್ಟೆಂಬರ್ 18, ಬುಧವಾರ. ಮಧ್ಯಾಹ್ನ ಒಂದೂ ಕಾಲಿಗೆ ಭೀಮಾತೀರ ತಾಂತ್ರಿಕ ಕಾಲೇಜಿನ ಪ್ರಾಚಾರ್ಯರು ಕಲಬುರ್ಗಿ ಕೋಟೆ ಹತ್ತಿರದ ಪೊಲೀಸ್ ಠಾಣೆಗೆ ಬಂದರು. ಬಿಳಿ ಅಂಗಿಯ ತೋಳಿನ ಮೇಲೆ ರಕ್ತವಿತ್ತು. ಅದು ಅವರದಲ್ಲ. ದೂರನ್ನು ಟೈಪ್ ಮಾಡಿಸಿಯೇ ತಂದಿದ್ದರು. ಬೆಳಿಗ್ಗೆ 11.40ಕ್ಕೆ ಈ ವರ್ಷದ ರೊಬೋಟ್ ಮತ್ತು ಪ್ರೋಗ್ರಾಮಿಂಗ್ ಕೋರ್ಸಿನ ಉದ್ಘಾಟನೆಯಲ್ಲಿ ಯಂತ್ರದ ತೋಳು ಉಪನ್ಯಾಸಕಿ ಮುಕ್ತಾಬಾಯಿಯವರ ತಲೆಗೆ ಬಡಿದಿದೆ, ಲ್ಯಾಬಿನ ಅಟೆಂಡರ್ ಮಲಂಗಸಾಬ ಬೇಕೆಂದೇ ಯಂತ್ರ ಕೆಡಿಸಿದ್ದಾನೆ ಎಂದು ಅದರಲ್ಲಿತ್ತು.

ಇನ್ಸ್‌ಪೆಕ್ಟರ್ ಜಯತೀರ್ಥ ಕಟ್ಟಿ ಅದನ್ನು ಎರಡು ಸಲ ಓದಿದರು.

"ಇವನೇ ಅಂತ ಹೆಂಗ ಗೊತ್ತಾತ್ರಿ?"

"ಲ್ಯಾಬಿನ ಕೀಲಿ ಅವನ ಕಡೆನೇ ಇರ್ತದ್ರಿ. ಹನ್ನೆರಡು ವರ್ಷಾತು ಕಾಯಂ ಮಾಡಿಲ್ಲಂತ ಹೋದ ತಿಂಗಳ ಜಗಳಾನೂ ಮಾಡ್ಯಾನ."

"ಯಂತ್ರ ಕೆಡಸೂದು ಬರ್ತದ ಅವನಿಗೆ?"

ಪ್ರಾಚಾರ್ಯರು ದೂರಿನ ಕೆಳಗೆ ಸಹಿ ಹಾಕಿದರು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕುವುದು ನಮ್ಮಲ್ಲಿ ಹೊಸದೇನಲ್ಲ. ಕೈಗೆಟಕುವಷ್ಟು ಹತ್ತಿರ ಎಮ್ಮೆ ಇರಬೇಕು, ಅಷ್ಟೇ. ಕೊಲೆ ಯತ್ನವೆಂದು ಕಲಂ 307ರ ಕೆಳಗೆ ಎಫ್‌ಐಆರ್ ದಾಖಲಾಯಿತು.

ಎರಡೂವರೆಗೆ ಕಟ್ಟಿ, ಹೆಡ್ ಕಾನ್‌ಸ್ಟೇಬಲ್ ಸಾಯಬಣ್ಣ ಮತ್ತು ಇಬ್ಬರು ಪಂಚರು ಲ್ಯಾಬಿಗೆ ಹೋದರು. ರೊಬೋಟ್ ಎಂದರೆ ಸಿನಿಮಾದ ಕಬ್ಬಿಣದ ಮನುಷ್ಯನನ್ನು ಕಾಣಲು ಸಿದ್ಧನಾಗಿದ್ದ ಸಾಯಬಣ್ಣನಿಗೆ ನಿರಾಸೆಯೇ ಆಯಿತು. ಗುಜರಿಯಿಂದ ತಂದ ಲಾರಿ ವೈಪರಿನ ಮೋಟಾರು, ನಾಲ್ಕು ಅಡಿ ಉದ್ದದ ಕಬ್ಬಿಣದ ತೋಳು, ತುದಿಗೆ ಚಿಮಟ, ಪಕ್ಕದಲ್ಲಿ ಅದನ್ನು ಆಡಿಸುವ ಒಂದು ಕಂಪ್ಯೂಟರ್. ಮೇಜಿನ ಬಲಕ್ಕೆ ಹಿತ್ತಾಳೆಯ ದೀಪದ ಕಂಬ ನೆಟ್ಟಗೆ ನಿಂತಿತ್ತು. ರಕ್ತವಿದ್ದದ್ದು ಮೇಜಿನ ಕಬ್ಬಿಣದ ಅಂಚಿನ ಮೇಲೆ, ನೆಲದ ಮೇಲೆ ಮತ್ತು ಚೆಲ್ಲಿದ ಕುಂಕುಮದಲ್ಲಿ. ಯಾವುದು ಯಾವುದೆಂದು ಬೇರೆ ಮಾಡಿ ಬರೆಯಲಾಗದೆ ಪಂಚನಾಮೆ ಬರೆಯುವವನ ಕೈ ಅಲ್ಲಿ ಸ್ವಲ್ಪ ಹೊತ್ತು ನಿಂತಿತು.

ನಡೆದದ್ದನ್ನು ವಿಭಾಗದ ಮುಖ್ಯಸ್ಥ ನರಸಿಂಹ ಅಫಜಲಪುರಕರ ಹೇಳಿದರು.

"ತೋಳು ನಾಕು ಸಲ ಹೂವ ಎತ್ತಿ ಸರಸ್ವತಿ ಫೋಟೋಕ್ಕ ಏರಿಸಬೇಕು, ನಿಲ್ಲಬೇಕು. ಏರಿಸ್ತು, ನಿಂತ್ತು. ಎಲ್ಲಾರೂ ಚಪ್ಪಾಳೆ ಹೊಡದ್ರು. ಮುಕ್ತಾ ಬಗ್ಗಿ ಯಂತ್ರಕ್ಕ ಕುಂಕುಮ ಹಚ್ಚಾಕತ್ತಿದ್ಳು. ಅಷ್ಟರಾಗ ತೋಳು ತಾನೇ ಬಲಕ್ಕ ಬೀಸಿಬಿಡ್ತು."

"ಯಂತ್ರ ಚಾಲೂ ಆದ ಮ್ಯಾಲೆ ಕುಂಕುಮ ಹಚ್ತೀರೇನು?"

"ಮೊದಲ ಪೂಜಿ, ಆಮ್ಯಾಲ ಸ್ವಿಚ್ಚು. ಅದೇ ಪದ್ಧತಿ. ಇವತ್ತ ಅತಿಥಿಗಳಿಗೆ ಅವಸರ ಇತ್ತು. ಮೊದಲ ಯಂತ್ರ ತೋರಸ್ರಿ ಅಂದ್ರು. ಹಿಂದ ಮುಂದ ಆತು."

ಮುಕ್ತಾಬಾಯಿಗೆ ಇಪ್ಪತ್ತನಾಲ್ಕು ವರ್ಷ. ಮೇ ತಿಂಗಳಲ್ಲಿ ಮದುವೆಯಾಗಿತ್ತು. ಆಸ್ಪತ್ರೆಯಲ್ಲಿ ಪ್ರಜ್ಞೆ ಬಂದಿರಲಿಲ್ಲ.

ಗುರುವಾರವೂ ಶುಕ್ರವಾರವೂ ಮಲಂಗಸಾಬನನ್ನು ಹತ್ತಕ್ಕೆ ಕರೆಸಿ ಸಂಜೆ ಕಳಿಸಿದರು. ನಲವತ್ತಾರರ ತೆಳ್ಳಗಿನ ಮನುಷ್ಯ. ಅವನ ಹೆಂಡತಿ ಇಕ್ಬಾಲ್ ಬೇಗಂ ರೊಟ್ಟಿಯ ಡಬ್ಬಿ ಹಿಡಿದು ಠಾಣೆಯ ಕಟ್ಟೆ ಮೇಲೆ ಕೂತಿರುತ್ತಿದ್ದಳು.

"ಮಂಗಳವಾರ ಲ್ಯಾಬಿಗೆ ಯಾರು ಬಂದಿದ್ರು?"

"ಯಾರೂ ಬಂದಿಲ್ರಿ ಸಾಹೇಬ್ರ."

"ಸಂಜಿ ಐದರ ಹೊತ್ತಿಗೆ?"

"ಖುದಾ ಕಸಮ್, ಹೊರಗಿನವರು ಯಾರೂ ಬಂದಿಲ್ರಿ."

ಯಾರೂ ಬರಲಿಲ್ಲ ಎಂದಷ್ಟೂ ತಾನೇ ಸಿಕ್ಕಿಬೀಳುತ್ತೇನೆಂಬುದು ಆ ಪುಣ್ಯಾತ್ಮನಿಗೆ ತಿಳಿದಿರಲಿಲ್ಲ. ಕಂಪ್ಯೂಟರ್ ಪ್ರತಿ ಫೈಲಿಗೂ ತಾರೀಖು ಬರೆದುಕೊಳ್ಳುತ್ತದೆ. ಪ್ರೋಗ್ರಾಮನ್ನು ಯಾರೋ ತಿದ್ದಿ ಉಳಿಸಿದ್ದು ಮಂಗಳವಾರ ಸಂಜೆ 4.50ಕ್ಕೆ. ಆಗ ಕೀಲಿ ಇದ್ದದ್ದು ಇವನ ಜೇಬಿನಲ್ಲಿ.

ಕಟ್ಟಿಯವರಿಗೆ ಪ್ರೋಗ್ರಾಮು ಅರ್ಥವಾಗುತ್ತಿರಲಿಲ್ಲ, ಆದರೆ ಎರಡು ಕಾಗದ ಹೋಲಿಸುವುದು ಬರುತ್ತಿತ್ತು. ಪಾಠದ ಪುಸ್ತಕದಲ್ಲಿ ಅಚ್ಚಾದ ಪ್ರೋಗ್ರಾಮಿಗೆ 46 ಸಾಲು. ಕಂಪ್ಯೂಟರಿನಿಂದ ಮುದ್ರಿಸಿ ತೆಗೆದದ್ದಕ್ಕೆ 58. ಪೆನ್ಸಿಲಿನಿಂದ ಒಂದೊಂದೇ ಸಾಲು ಹೊಡೆಯುತ್ತ ಹೋದರೆ ಕೊನೆಗೆ ಹನ್ನೆರಡು ಸಾಲು ಉಳಿದವು. ಅವುಗಳ ಅರ್ಥ ಅಫಜಲಪುರಕರ ಬಿಡಿಸಿ ಹೇಳಿದರು: ಹೂವು ಏರಿಸಿ ನಿಂತ ಮೇಲೆ ಇಪ್ಪತ್ತು ಎಣಿಸು, ಆಮೇಲೆ ಪೂರ್ತಿ ಜೋರಿನಲ್ಲಿ ಬಲಕ್ಕೆ ಬೀಸು.

"ಇದೇನು, ನಡುವ ಮಾತಿನ ಸಾಲು?"

"ಅವು ಯಂತ್ರಕ್ಕಲ್ಲ, ಓದೂ ಮನುಷ್ಯಾಗ ಬರೆಯೂ ಟಿಪ್ಪಣಿ. ಇಂಗ್ಲಿಷ್ ಅಕ್ಷರದಾಗ ಕನ್ನಡ ಬರದಾರ. ಲಾಭ, ಎರಡು, ಮೂರು. ಯಾವನೋ ಅಡ್ಡಬಿಟ್ಟಿ ದಡ್ಡ. ಒಂದು ಅನ್ನೂದೂ ಗೊತ್ತಿಲ್ಲ."

ಶನಿವಾರ ಬೆಳಿಗ್ಗೆ 11.05ಕ್ಕೆ ಮುಕ್ತಾಬಾಯಿ ತೀರಿಕೊಂಡಳು. ಹನ್ನೆರಡಕ್ಕೆ ಠಾಣೆಯ ಮುಂದೆ ಮುನ್ನೂರು ವಿದ್ಯಾರ್ಥಿಗಳು ಸೇರಿದರು. ಹನ್ನೆರಡೂ ಕಾಲಿಗೆ ಡಿವೈಎಸ್‌ಪಿ ಫೋನು ಮಾಡಿದರು: ಸಂಜೆ ಐದರೊಳಗೆ ಮಲಂಗಸಾಬನ ಬಂಧನ ತೋರಿಸಬೇಕು, ಕೊಲೆ ಕೇಸು, ಕಲಂ 302. ಒಳಗಿನ ಬೆಂಚಿನ ಮೇಲೆ ಕೂತಿದ್ದ ಮಲಂಗಸಾಬನಿಗೆ ಎಲ್ಲ ಕೇಳಿಸಿತು. ಅವನು ಅಳಲಿಲ್ಲ. "ಮುಕ್ತಾ ಮೇಡಂ ಹೋದ್ರಾ?" ಎಂದಷ್ಟೇ ಕೇಳಿ ಟೋಪಿ ತೆಗೆದು ಮಡಿಲಲ್ಲಿಟ್ಟುಕೊಂಡ.

ಮೇಜಿನ ಮೇಲಿನ ಕಾಗದವನ್ನು ಸಾಯಬಣ್ಣ ಮೂರನೇ ಸಲ ಅಕ್ಷರ ಕೂಡಿಸಿ ಓದುತ್ತಿದ್ದ.

"ಸರ್, ಇದನ್ನ ಬರದವರಿಗೆ ಒಂದು ಗೊತ್ತಿಲ್ಲ ಅಂತ ಅಲ್ರಿ. ಒಂದು ಅನಬಾರದು ಅಂತ ಕಲತಾರ."

"ಅಂದ್ರ?"

"ನೀವು ಶಹರದಾಗ, ಬ್ರಹ್ಮಪುರದಾಗ ಬೆಳದವರು, ಕಣದ ಸುದ್ದಿ ನಿಮಗ ಹೆಂಗ ಗೊತ್ತಿರಬೇಕು? ರಾಶಿ ಅಳೆಯೂ ಮುಂದ ಮೊದಲನೇ ಸೇರಿಗೆ ಒಂದು ಅನ್ನಂಗಿಲ್ಲ. ಲಾಭ ಅಂತಾರ. ಆಮ್ಯಾಲ ಎರಡು, ಮೂರು. ಒಂದು ಅಂದ್ರ ಅಲ್ಲಿಗೇ ನಿಂತ್ಹೋಗ್ತದಂತ ಅಂಜಿಕಿ. ಅಳೆಯೂ ಮಂದಿ ಮನ್ಯಾಗ ಬೆಳದವರಿಗೆ ನಿದ್ದಿಗಣ್ಣಾಗೂ ಹಂಗೇ ಬರ್ತದ."

ಕಟ್ಟಿ ಕಾಲೇಜಿನಿಂದ ಸಿಬ್ಬಂದಿ ರಿಜಿಸ್ಟರ್ ತರಿಸಿದರು. ಪ್ರೋಗ್ರಾಮು ಬಲ್ಲವರು ಐದೇ ಜನ. ನಾಲ್ವರು ಪಟ್ಟಣದವರು. ಐದನೆಯವರು ಲ್ಯಾಬಿನ ಬೋಧಕಿ ಶಾರದಾಬಾಯಿ, ವಯಸ್ಸು ನಲವತ್ತೊಂದು, ಊರು ಕಮಲಾಪುರ, ತಂದೆಯ ಉದ್ಯೋಗ ಕಾಳು ಅಳೆಯುವುದು. ಗುರುವಾರದಿಂದ ರಜೆ.

"ಮಲಂಗಸಾಬ, ಮಂಗಳವಾರ ಸಂಜಿ ಶಾರದಾಬಾಯಿ ಲ್ಯಾಬಿನ್ಯಾಗ ಇದ್ರಾ?"

"ಇದ್ರಲ್ರಿ. ಅಕ್ಕಾರು ದಿನಾ ಇರ್ತಾರ."

"ಮತ್ತ ಯಾರೂ ಬಂದಿಲ್ಲ ಅಂದಿ?"

"ಅವರು ಬರೂದೇನ್ರಿ? ಅವರದೇ ಲ್ಯಾಬು." ಅನ್ನುತ್ತಿದ್ದಂತೆ ಅವನ ಮುಖ ಬಿಳಿಚಿಕೊಂಡಿತು. "ಇಲ್ರಿ ಸಾಹೇಬ್ರ. ನನ್ನನ್ನೇ ಒಳಗ ಹಾಕ್ರಿ. ಅವರಲ್ಲ."

ಕಟ್ಟಿ ಅಫಜಲಪುರಕರರಿಗೆ ಫೋನು ಮಾಡಿದರು.

"ಆ ತೋಳು ಕಟ್ಟಿದವರು ಯಾರು?"

"ಶಾರದಾಬಾಯಿ."

"ಹೋದ ವರ್ಷ ಅದಕ್ಕ ಕುಂಕುಮ ಹಚ್ಚಿದವರು?"

"ಅವರೇ. ಹಿಂದಿನ ಮೂರೂ ವರ್ಷ ಅವರೇ."

"ಈ ಸಲ ಅವರು ಎಲ್ಲಿದ್ರು?"

"ಹೊರಗ, ವರಾಂಡದಾಗ ಕುರ್ಚಿ ಹಾಕ್ಸಿದ್ವಿ. ಜನವರಿಯಾಗ ಅವರ ಯಜಮಾನ್ರು ತೀರಿಕೊಂಡ್ರು. ಶುಭ ಕಾರ್ಯ ನೋಡ್ರಿ. ಬಾಗಲಾ ಮುಚ್ಚಿದ್ವಿ."

ಕೈಯಾರೆ ಕಟ್ಟಿದ ಯಂತ್ರದ ಮುಂದೆ ನಿಲ್ಲಲು ಗಂಡ ಬದುಕಿರಬೇಕು! ಕಟ್ಟಿ ಫೋನನ್ನು ಇಡಲಿಲ್ಲ, ಕುಕ್ಕಿದರು. ಹೇಳಿದವರು ಓದದ ಮಂದಿಯಲ್ಲ. ಮಕ್ಕಳಿಗೆ ರೊಬೋಟ್ ಕಲಿಸುವವರು.

ಮಹಿಳಾ ಕಾನ್‌ಸ್ಟೇಬಲ್ ಕಸ್ತೂರಿಬಾಯಿಯನ್ನು ಕೂಡಿಸಿಕೊಂಡು ಒಂದೂವರೆಗೆ ಜೀಪು ಹೊರಟಿತು. ಎರಡೂವರೆಗೆ ಕಮಲಾಪುರ. ಮನೆಯ ಮುಂದಿನ ಅಂಗಳದಲ್ಲಿ ಹೊಸ ಹೆಸರುಕಾಳಿನ ರಾಶಿ. ಮುದುಕ ತಂದೆ ಸೇರು ತುಂಬಿ ಚೀಲಕ್ಕೆ ಸುರಿಯುತ್ತ ಗಟ್ಟಿಯಾಗಿ ಹೇಳುತ್ತಿದ್ದ: "ಲಾಭ... ಎರಡು... ಮೂರು..." ಚೀಲದ ಬಾಯಿ ಹಿಡಿದು ಕೂತಿದ್ದವರು ಶಾರದಾಬಾಯಿ. ಸಾಯಬಣ್ಣ ಸರಿಯಾಗಿಯೇ ಹೇಳಿದ್ದ, ಆದರೆ ಆ ಕ್ಷಣ ಅವನಿಗೆ ಅದರಿಂದ ಏನೂ ಖುಷಿಯಾಗಲಿಲ್ಲ.

ಖಾಕಿ ಕಂಡು ಅವರು ಎದ್ದು ನಿಂತರು. ಮೊದಲು ಕೇಳಿದ್ದು ಅವರೇ.

"ಮುಕ್ತಾಗ ಎಚ್ಚರ ಆತ್ರೀ?"

ಸುದ್ದಿ ಇಲ್ಲಿಗೆ ಬಂದಿಲ್ಲವೆಂದು ಕಟ್ಟಿಯವರಿಗೆ ಆಗ ಹೊಳೆಯಿತು. ಇಪ್ಪತ್ತು ವರ್ಷದ ಸರ್ವೀಸಿನಲ್ಲಿ ಇಷ್ಟು ಕಷ್ಟದ ಒಂದು ಸಾಲನ್ನು ಅವರು ಹೇಳಿರಲಿಲ್ಲ.

"ಇಲ್ಲ. ಮುಂಜಾನೆ ಹನ್ನೊಂದಕ್ಕ ತೀರಿಕೊಂಡ್ರು."

ಶಾರದಾಬಾಯಿಯವರ ಕೈಯಿಂದ ಚೀಲ ಜಾರಿತು. ಕಾಳು ಅಂಗಳದ ತುಂಬ ಹರಿಯಿತು. ಅವರು ಅದರ ಮೇಲೇ ಕುಸಿದು ಕೂತು, ಅಳಲೂ ಆಗದೆ ಬಾಯಿ ತೆರೆದುಕೊಂಡೇ ಇದ್ದರು. ಮುದುಕನಿಗೆ ಏನೂ ತಿಳಿಯದೆ, "ಯಾರವ್ವ? ಯಾರು?" ಎಂದು ಕೇಳುತ್ತಿದ್ದ. ಮುಕ್ತಾ ಶಾರದಾಬಾಯಿಯವರ ಶಿಷ್ಯೆ. ಹುಡುಗಿಗೆ ನೌಕರಿ ಕೊಡಿಸಲು ಪ್ರಾಚಾರ್ಯರ ಬಾಗಿಲಿಗೆ ಆರು ಸಲ ಅಲೆದವರು ಇವರೇ.

"ಹನ್ನೆರಡು ಸಾಲು ನೀವು ಬರದ್ರಾ?" ಕಟ್ಟಿ ಕೇಳಿದರು.

"ಬರದೀನ್ರಿ."

"ಯಾರನ್ನ ಹೊಡಿಯಾಕ?"

"ಯಾರನ್ನೂ ಅಲ್ರಿ. ದೀಪದ ಕಂಬ ಬೀಳಬೇಕಾಗಿತ್ತು."

3.40ಕ್ಕೆ ಬಂಧನ ದಾಖಲಾಯಿತು. ಕಟ್ಟಿ ಹತ್ತಿರದ ಅಂಗಡಿಯಿಂದ ಠಾಣೆಗೆ ಫೋನು ಮಾಡಿ ಮಲಂಗಸಾಬನನ್ನು ಅವನ ಹೆಂಡತಿಯ ಜೊತೆ ಮನೆಗೆ ಬಿಡಲು ಹೇಳಿದರು. ಕಲಂ 302 ಎಂದು ಬರೆಯಲು ಅವರಿಗೆ ಮನಸ್ಸಾಗಲಿಲ್ಲ. ಕೊಲೆಯಲ್ಲದ ನರಹತ್ಯೆಯ ಕಲಂ, 304 ಎಂದು ಬರೆದರು. ಉಳಿದದ್ದನ್ನು ಕೋರ್ಟು ನೋಡಿಕೊಳ್ಳಲಿ.

ಜೀಪಿನಲ್ಲಿ ಶಾರದಾಬಾಯಿ ತಾವಾಗಿಯೇ ಮಾತಾಡಿದರು. ಕಸ್ತೂರಿಬಾಯಿ ಬರೆದುಕೊಂಡಳು.

"ನಾ ಇದ್ರ ಅಪಶಕುನ ಅಂದ್ರು. ಮುತ್ತೈದಿ ಪೂಜಿ ಮಾಡಿದ್ರೂ ದೀಪ ಬೀಳ್ತದ ಅಂತ ನಾಕು ಮಂದಿ ಕಣ್ಲೆ ನೋಡಲಿ ಅಂತಿತ್ತು, ಅಷ್ಟೇ ರೀ. ಪೂಜಿ ಮೊದಲ ಆಗಿರ್ತದ, ಎಲ್ಲಾರೂ ಕುರ್ಚಿಗೆ ಹೋಗಿರ್ತಾರ ಅಂತ ಇಪ್ಪತ್ತರ ಎಣಿಕಿ ಹಾಕಿದ್ದೆ. ಹಿಂದ ಮುಂದ ಮಾಡ್ತಾರಂತ ನನಗೇನು ಗೊತ್ತು? ಒಳಗ ಇದ್ದಿದ್ರ ನೋಡ್ತಿದ್ದೆ. ಬಗ್ಗಬ್ಯಾಡ ಅಂತ ಒದರ್ತಿದ್ದೆ."

"ಹೊರಗ ಏನು ಕೇಳಸ್ತು?"

"ಮೋಟಾರಿನ ಸಪ್ಪಳ ನಾಕು ಸಲ ಕೇಳಸ್ತು. ಚಪ್ಪಾಳಿ ಕೇಳಸ್ತು. ಕುರ್ಚಿ ಮ್ಯಾಲೆ ಕುಂತು ನಾನೂ ಎಣಿಸಾಕತ್ತೆ. ಇಪ್ಪತ್ತಕ್ಕ ಒಳಗ ಏನೋ ಬಿದ್ದ ಸಪ್ಪಳಾತು." ಕೈಯನ್ನು ಸೆರಗಿನಲ್ಲಿ ಸುತ್ತಿಕೊಂಡರು. "ಕಂಬ ಬಿತ್ತು ಅಂತ ತಿಳಕೊಂಡು ನಕ್ಕೆನ್ರಿ ನಾನು. ಒಬ್ಬಾಕೀನೇ ಕುಂತು ನಕ್ಕೆ."

ಕಸ್ತೂರಿಬಾಯಿಯ ಪೆನ್ನು ನಿಂತಿತು. ಇದನ್ನೂ ಬರೆಯಬೇಕೇ ಎಂಬಂತೆ ಅವಳು ಮುಂದಿನ ಸೀಟಿನತ್ತ ನೋಡಿದಳು. ಕಟ್ಟಿ ತಿರುಗದೆ, "ಬರಿ" ಎಂದರು.