ಹುಲ್ಲು ಕತ್ತರಿಸುವ ಯಂತ್ರದ ಟೊಂಕನೋವು

ಎಂಟು ವರ್ಷದ ಹಿಂದೆಯೇ ಕೀಳಿಸಿ ಬಿಸಾಕಿದ್ದ ದವಡೆಹಲ್ಲು ಆ ಶನಿವಾರ ಬೆಳಿಗ್ಗೆ ಚಂಪಕ್ಕನಿಗೆ ಮತ್ತೆ ನೋಯತೊಡಗಿತು. ಇಲ್ಲದ ಹಲ್ಲು ನೋಯುವುದೆಂದರೇನು! ಆದರೂ ಚಂಪಕ್ಕ ಗಾಬರಿಯಾಗಲಿಲ್ಲ, ಡಬ್ಬಿಯಲ್ಲಿ ಲವಂಗ ಹುಡುಕಲಿಲ್ಲ. ವರಾಂಡದಿಂದಲೇ, ಹಿತ್ತಲಲ್ಲಿ ಹುಲ್ಲು ಕತ್ತರಿಸುತ್ತಿದ್ದ ಆಳಿಗೆ ಕೇಳುವಂತೆ ಕೂಗಿದಳು.

"ಯಮನಪ್ಪಾ, ನಿಲ್ಲಸೋ! ಬ್ಲೇಡ್ ಮೊಂಡ ಆಗೇತಿ."

ಹುಲ್ಲು ಕತ್ತರಿಸುವ ಯಂತ್ರದ ಸದ್ದು ನಿಂತಿತು. ಅದರೊಂದಿಗೆ ಹಲ್ಲುನೋವೂ ನಿಂತಿತು.

ಚಂಪಕ್ಕನ ಎಡಗೈಗೆ ಎರಡು ಬೆರಳಗಲದ ಬೂದುಬಣ್ಣದ ಪಟ್ಟಿಯೊಂದಿತ್ತು. ಅದರ ಹೆಸರು ಸಹವೇದಿ. ಅದರ ಜೋಡಿ, ಅವರೆಕಾಳಿನಷ್ಟು ದೊಡ್ಡ ಗುಂಡಿ, ಯಂತ್ರದ ಹಿಡಿಕೆಯ ಕೊಳವೆಗೆ ಅಂಟಿಕೊಂಡಿತ್ತು. ಅದು ನಡುಕಗ್ರಾಹಿ. ಯಂತ್ರದ ಒಂದೊಂದು ಭಾಗವೂ ಕೆಟ್ಟಾಗ ಒಂದೊಂದು ಬಗೆಯಲ್ಲಿ ನಡುಗುತ್ತದೆ. ಆ ನಡುಕವನ್ನೆಲ್ಲ ಗುಂಡಿ ಹಿಡಿದು ಪಟ್ಟಿಗೆ ಕಳಿಸುತ್ತದೆ, ಪಟ್ಟಿ ಅದನ್ನು ನರಗಳಿಗೆ ತಿಳಿಯುವ ನೋವಾಗಿ ಮಾರ್ಪಡಿಸುತ್ತದೆ. ಬ್ಲೇಡು ಮೊಂಡಾದರೆ ಹಲ್ಲುನೋವು, ಏರ್ ಫಿಲ್ಟರಿನಲ್ಲಿ ಧೂಳು ತುಂಬಿದರೆ ಮೂಗು ಕಟ್ಟುತ್ತದೆ, ಆಯಿಲ್ ಕಮ್ಮಿಯಾದರೆ ಗಂಟಲು ಒಣಗುತ್ತದೆ. ಸ್ಪಾರ್ಕ್ ಪ್ಲಗ್ಗಿಗೆ ಮಸಿ ಹಿಡಿದರೆ ಬಿಕ್ಕಳಿಕೆ.

ಇದನ್ನು ಕಂಡುಹಿಡಿದವನು ಡಾಕ್ಟರ್ ಇಂದುಧರ ಹೊಂಬಳ. ಮೂವತ್ತು ವರ್ಷದ ಹಿಂದೆ ಧಾರವಾಡದ ಶಾಲೆಯಲ್ಲಿ ಚಂಪಕ್ಕನ ಗಣಿತದ ತರಗತಿಯಲ್ಲಿ ಕಿವಿ ಹಿಂಡಿಸಿಕೊಂಡವನು. ನಾಲ್ಕೈದು ವರ್ಷದ ಹಿಂದೆ ಊರಿನಲ್ಲಿ ರಿಪೇರಿ ಅಂಗಡಿಗಳೆಲ್ಲ ಮುಚ್ಚಿಹೋಗಿದ್ದವು. ಏನೇ ಕೆಟ್ಟರೂ ಗುಜರಿಗೆ ಎಸೆದು ಹೊಸದು ತರುವುದೇ ರೂಢಿ. ಗುಜರಿ ಗುಡ್ಡವಾದಾಗ ಸರ್ಕಾರ ಎಚ್ಚೆತ್ತು ಯಂತ್ರಾರೋಗ್ಯ ಕಾಯಿದೆ ತಂದಿತು: ಅವರವರ ಯಂತ್ರವನ್ನು ಅವರವರೇ ಮನೆಯಲ್ಲಿ ಸರ್ವಿಸ್ ಮಾಡಿಕೊಳ್ಳಬೇಕು. ಸಹವೇದಿಯನ್ನು ಪರೀಕ್ಷೆಗೆಂದು ಆ ಶನಿವಾರಕ್ಕೆ ನಾಲ್ಕು ದಿನ ಮೊದಲಷ್ಟೇ ಧಾರವಾಡದ ನಲವತ್ತು ಮನೆಗಳಿಗೆ ಕೊಟ್ಟಿದ್ದರು, ಯಂತ್ರವನ್ನು ದಿನವೂ ಓಡಿಸಿ ನೋಡಬೇಕಿತ್ತು.

"ದೀಪ ಹಚ್ಚಿ ತೋರಿಸಿದ್ರ ಸಾಲ್ತಿರಲಿಲ್ಲೇನೋ? ಮುದುಕಿಗೆ ಹಲ್ಲುಬ್ಯಾನಿ ಯಾಕ ಕೊಡ್ತಿ?" ಎಂದು ಚಂಪಕ್ಕ ಮೊದಲ ದಿನವೇ ಕೇಳಿದ್ದಳು.

"ಕೆಂಪು ದೀಪ ಹತ್ತಿದ್ರ ಯಾರೂ ಏಳಂಗಿಲ್ರೀ ಅಕ್ಕೋರ," ಎಂದಿದ್ದ ಇಂದುಧರ. "ತಮಗ ನೋವಾದ್ರ ಮಾತ್ರ ಮನಷ್ಯಾ ಏಳ್ತಾನ."

ಚಂಪಕ್ಕ ಎದ್ದಳು. ಎದ್ದಳೆಂದರೆ ಅದೆಂಥ ಏಳುವುದು! ಅರವತ್ತೆಂಟರ ವಯಸ್ಸಿನಲ್ಲಿ ಪಾನಾ ಹಿಡಿದವಳ ಕೈಚಳಕ ನೋಡಲು ಎರಡು ಕಣ್ಣು ಸಾಲದು. ಮೊದಲು ಪ್ಲಗ್ಗಿನ ವೈರು ಕಿತ್ತು ದೂರ ಇಡುವಳು, ಬ್ಲೇಡಿಗೆ ಕೈಹಾಕಿದಾಗ ಎಂಜಿನ್ ಅಪ್ಪಿತಪ್ಪಿ ತಿರುಗಬಾರದಲ್ಲ. ಏರ್ ಫಿಲ್ಟರ್ ಮೇಲೆ ಬರುವಂತೆ ಯಂತ್ರವನ್ನು ಓರೆಮಾಡುವಳು. ಹೊಟ್ಟೆಯಡಿ ಹೆಪ್ಪುಗಟ್ಟಿದ ಹುಲ್ಲನ್ನು ದೋಸೆ ಮಗುಚುವ ಚಟ್ಟುಗದಿಂದ ಕೆರೆಯುವಳು. ಬ್ಲೇಡು ಬಿಚ್ಚಿ, ಮೊದಲಿದ್ದ ಓರೆಯಲ್ಲೇ ಅರ ಹಾಕಿ, ನಡುವಿನ ತೂತನ್ನು ಗೋಡೆಯ ಮೊಳೆಗೆ ಸಿಕ್ಕಿಸಿ ನೋಡುವಳು. ಒಂದು ಕಡೆ ಕೂದಲೆಳೆಯಷ್ಟು ವಾಲಿದರೂ ಮತ್ತೆ ಅರ. ಸ್ಪಂಜಿನ ಫಿಲ್ಟರನ್ನು ಸೋಪಿನ ನೀರಿನಲ್ಲಿ ಹಿಂಡಿ, ನೆರಳಲ್ಲಿ ಒಣಗಿಸುವಳು. ಅವಳು ಮುಟ್ಟಿದ ಮೇಲೆ ಆ ಹಳೇ ಯಂತ್ರ ಒಂದೇ ಎಳೆತಕ್ಕೆ ಚಾಲೂ ಆಗುತ್ತಿತ್ತು. ಅಕ್ಕಪಕ್ಕದವರು ಅವಳಿಂದ ಕಲಿಯಲು ಬಂದು ಕಟ್ಟೆಯ ಮೇಲೆ ಕೂರುತ್ತಿದ್ದರು.

ಅಷ್ಟೆಲ್ಲ ಮಾಡಿದರೂ ಒಂದು ನೋವು ಮಾತ್ರ ಹೋಗಲಿಲ್ಲ.

ಟೊಂಕದ ಎಡಬದಿ, ಒಳಗಿಂದ ಯಾರೋ ಹಗ್ಗ ಜಗ್ಗಿದ ಹಾಗೆ. ಇಂದುಧರ ಕೊಟ್ಟ ಪುಸ್ತಕದಲ್ಲಿ ಟೊಂಕನೋವಿನ ಪ್ರಸ್ತಾಪವೇ ಇರಲಿಲ್ಲ. ಚಂಪಕ್ಕ ಗಾಲಿ ಬಿಚ್ಚಿದಳು, ಬೇರಿಂಗ್‌ಗೆ ಗ್ರೀಸ್ ತುಂಬಿದಳು, ಬೆಲ್ಟು ಬದಲಿಸಿದಳು. ಊಹೂಂ. ಯಮನಪ್ಪ ಯಂತ್ರ ತಳ್ಳಲು ಶುರುಮಾಡಿದ ಕೂಡಲೇ ವರಾಂಡದಲ್ಲಿ ಚಂಪಕ್ಕ ಟೊಂಕ ಹಿಡಿದುಕೊಂಡು ಕೂರುವಳು.

ಕಾಯಿದೆ ಬಲು ಕಟ್ಟುನಿಟ್ಟು. ಯಾವುದೇ ನೋವು ಹದಿನೈದು ದಿನ ಹೋಗದಿದ್ದರೆ ಪಟ್ಟಿ ತಾನಾಗಿಯೇ ಪಾಲಿಕೆಗೆ ಸುದ್ದಿ ಮುಟ್ಟಿಸುತ್ತದೆ, ಮರುದಿನ ಲಾರಿ ಬಂದು ಯಂತ್ರವನ್ನು ಕರಗಿಸಲು ಒಯ್ಯುತ್ತದೆ. ಕೈಯಿಂದ ತಳ್ಳುವ ಯಂತ್ರಗಳನ್ನು ಈಗ ಯಾರೂ ತಯಾರಿಸುತ್ತಿರಲಿಲ್ಲ. ಹೊಸದೆಂದರೆ ತಾನೇ ಓಡಾಡಿಕೊಂಡು ಹುಲ್ಲು ಕತ್ತರಿಸುವಂಥದೇ. ಅದು ಬಂದರೆ ಯಮನಪ್ಪನಿಗೆ ಕೆಲಸವಿಲ್ಲ. ಇಪ್ಪತ್ತು ವರ್ಷದಿಂದ ಆ ಹಿತ್ತಲನ್ನು ನೋಡಿಕೊಂಡವನಿಗೆ, ಐವತ್ತು ದಾಟಿದ ಮೇಲೆ ಬೇರೆ ಕೆಲಸ ಯಾರು ಕೊಡುತ್ತಾರೆ? ಇದು ಚಂಪಕ್ಕನಿಗೂ ಗೊತ್ತಿತ್ತು, ಯಮನಪ್ಪನಿಗೆ ಇನ್ನೂ ಚೆನ್ನಾಗಿ ಗೊತ್ತಿತ್ತು.

"ಇವತ್ತರ ಹೋತೇನ್ರೀ ನೋವು?" ಎಂದು ಅವನು ದಿನವೂ ಕೇಳುತ್ತಿದ್ದ.

"ಇಲ್ಲಪಾ. ಇನ್ನೂ ಐತಿ."

ಅವನ ಮುಖ ಸಪ್ಪಗಾಗುತ್ತಿತ್ತು. ಮರುದಿನ ಇನ್ನೂ ಹುಷಾರಾಗಿ, ಇನ್ನೂ ಬಗ್ಗಿ, ಹೂವಿನ ಬುಟ್ಟಿ ತಳ್ಳಿದಂತೆ ತಳ್ಳುತ್ತಿದ್ದ. ನೋವು ಇನ್ನಷ್ಟು ಹೆಚ್ಚಾಗುತ್ತಿತ್ತು.

ಹದಿನಾಲ್ಕನೆಯ ದಿನ ಚಂಪಕ್ಕ ಹಿತ್ತಲಲ್ಲೇ ಕುರ್ಚಿ ಹಾಕಿ ಕೂತು ನೋಡಿದಳು. ಅರ್ಧ ಕೆಲಸವಾದಾಗ ಯಮನಪ್ಪ ಎಂಜಿನ್ ಚಾಲೂ ಇಟ್ಟೇ ಯಂತ್ರ ಬಿಟ್ಟು, ನಳದ ಹತ್ತಿರ ನೀರು ಕುಡಿಯಲು ಹೋದ. ನೋವು ನಿಂತಿತು. ಎಂಜಿನ್ ಗುರುಗುಟ್ಟುತ್ತಲೇ ಇದೆ, ಬ್ಲೇಡು ತಿರುಗುತ್ತಲೇ ಇದೆ, ನೋವಿಲ್ಲ! ಅವನು ಬಾಯಿ ಒರೆಸಿಕೊಳ್ಳುತ್ತ ಬಂದು ಹಿಡಿಕೆ ಹಿಡಿದ. ಟೊಂಕದಲ್ಲಿ ಹಗ್ಗ ಜಗ್ಗಿತು.

ಎಷ್ಟಾದರೂ ಗಣಿತದ ಅಕ್ಕೋರು. ಲೆಕ್ಕ ಬಿಡಿಸಲು ಅವಳಿಗೆ ಒಂದು ನಿಮಿಷವೂ ಬೇಕಾಗಲಿಲ್ಲ. ಬಿಡಿಸಿದ ಮೇಲೆ ಏಳುವುದಕ್ಕೇ ಆಗಲಿಲ್ಲ.

"ಯಮನಪ್ಪಾ, ಬಂದ್ ಮಾಡು. ಇಲ್ಲಿ ಬಾ. ನಿನ್ನ ಟೊಂಕ ನೋಯ್ತದೇನು?"

"ಇಲ್ರೀ ಅಕ್ಕೋರ. ಆರಾಮ ಅದೀನ್ರೀ."

"ಸುಳ್ಳ ಹೇಳಬ್ಯಾಡ. ಹದಿನಾಲ್ಕ ದಿನದಿಂದ ನಿನ್ನ ಟೊಂಕ ನನ್ನ ಹತ್ರ ಐತಿ."

ಯಮನಪ್ಪ ತಲೆ ತಗ್ಗಿಸಿದ. ಟವೆಲ್ಲಿನ ಅಂಚನ್ನು ಬೆರಳಿಗೆ ಸುತ್ತಿದ, ಬಿಚ್ಚಿದ. "ಮೂರ ವರ್ಷ ಆತ್ರೀ," ಎಂದ ಕೊನೆಗೆ. "ಹೇಳಿದ್ರ ನೀವು ತಾನ ಓಡೋ ಮಷೀನ ತರಸ್ತೀರಿ ಅಂತ ಅಂಜಿಕಿ."

ಚಂಪಕ್ಕ ಯಂತ್ರವನ್ನು ನೋಡಿದಳು. ಅವಳು ಐದಡಿಗೆ ಎರಡಂಗುಲ ಕಮ್ಮಿ, ಯಮನಪ್ಪ ಆರಡಿ ದಾಟಿದ ಆಳು. ಹಿಡಿಕೆ ಅವನ ತೊಡೆಯ ಮಟ್ಟಕ್ಕಿತ್ತು. ಪ್ರತಿ ಸಲ ಸರ್ವಿಸ್ ಮುಗಿಸಿ, ಮಡಚಿದ ಹಿಡಿಕೆಯನ್ನು ಬಿಡಿಸಿ, ತನ್ನ ಎತ್ತರಕ್ಕೆ ಸರಿಹೊಂದುವ ತೂತಿಗೇ ಬೋಲ್ಟು ಕೂರಿಸುತ್ತಿದ್ದವಳು ಅವಳೇ. ಕೊಳವೆಯಲ್ಲಿ ಇನ್ನೂ ಮೂರು ತೂತುಗಳಿದ್ದವು. ತಳ್ಳುವವನನ್ನು ಒಮ್ಮೆಯೂ ನೆನೆಯದೆ ಸರ್ವಿಸ್ ಮಾಡಿದ್ದಳು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದರಂತೆ, ಹಾಗೆ ಇಷ್ಟು ದಿನ ಗಾಲಿಗೆ ಗ್ರೀಸ್ ತುಂಬಿದ್ದಳು. ಅವಳಿಗೆ ಭೂಮಿಗಿಳಿದು ಹೋಗುವಷ್ಟು ನಾಚಿಕೆಯಾಯಿತು.

ಎರಡು ಬೋಲ್ಟು, ಎರಡು ನಿಮಿಷ. ಮೇಲಿನ ತೂತಿಗೆ ಹಿಡಿಕೆ ಏರಿಸಿದಳು. ಯಮನಪ್ಪ ನೆಟ್ಟಗೆ ನಿಂತು ತಳ್ಳಿದ. ನೋವು ಮುಕ್ಕಾಲು ಪಾಲು ಇಳಿಯಿತು, ಪೂರ್ತಿ ಹೋಗಲಿಲ್ಲ. ಮೂರು ವರ್ಷದ ನೋವು ಬೋಲ್ಟಿಗೆ ಹೋಗುತ್ತದೆಯೇ?

ಮರುದಿನ, ಹದಿನೈದನೆಯ ಬೆಳಿಗ್ಗೆ, ಚಂಪಕ್ಕನ ಫೋನ್ ಸಿಕ್ಕ ಕೂಡಲೇ ಇಂದುಧರ ಓಡಿ ಬಂದ. ಕಥೆ ಕೇಳಿ ಕಣ್ಣರಳಿಸಿದ. "ಹಿಡಿಕಿ ಹಿಡಿದ ಕೈಯಿಂದ ಗುಂಡಿಗೆ ನಡುಕ ಹೋಗತದ, ಖರೇ. ಆದ್ರ ಮನಷ್ಯಾನ ನೋವೂ ಹಾದು ಬರ್ತದಂತ ಅನ್ಕೊಂಡಿರಲಿಲ್ರೀ! ಆದ್ರೂ ಪಾಲಿಕೆಯವರಿಗೆ ಬಾಯಿಮಾತು ನಡೆಯಂಗಿಲ್ಲ. ಬೇರೆಯವರು ತಳ್ಳಿದಾಗ ಟೊಂಕನೋವು ಬರಬಾರದು. ಅಂದ್ರ ಯಂತ್ರ ನಿರ್ದೋಷಿ ಅಂತ ಬರಕೊಡ್ತೇನಿ."

"ನಾ ತಳ್ತೇನಿ," ಎಂದಳು ಚಂಪಕ್ಕ. ಪಟ್ಟಿ ಬಿಚ್ಚಿ ಯಮನಪ್ಪನ ಕೈಗೆ ಕಟ್ಟಿದಳು. "ನಿನ್ನ ನೋವು ನಿನಗ ಗೊತ್ತದ. ಇದರಾಗ ಅದು ಬಂದ್ರ ಹೇಳು."

ಸೀರೆಯ ಸೆರಗು ಸೊಂಟಕ್ಕೆ ಸಿಕ್ಕಿಸಿ, ಎದೆಯ ಮಟ್ಟದ ಹಿಡಿಕೆಯನ್ನು ತಬ್ಬಿದವಳಂತೆ ಹಿಡಿದು, ಅವಳು ಒಂದು ಸಾಲು ಹೋದಳು. ತಿರುಗಿದಳು, ಇನ್ನೊಂದು ಸಾಲು. ಹುಲ್ಲು ಹಾಸಿನಂತೆ ನುಣ್ಣಗೆ ಬಂತು.

"ಟೊಂಕ?" ಎಂದು ಇಂದುಧರ ಕೇಳಿದ.

"ಇಲ್ರೀ. ಟೊಂಕದಾಗ ಏನೂ ಇಲ್ಲ."

ಯಂತ್ರ ಉಳಿಯಿತು! ಇಂದುಧರ ಚಪ್ಪಾಳೆ ತಟ್ಟಿದ. ಯಮನಪ್ಪ ಮಾತ್ರ ನಗಲಿಲ್ಲ. ಅವನು ಬಲಮೊಣಕಾಲನ್ನು ಎರಡೂ ಕೈಯಲ್ಲಿ ಹಿಡಿದುಕೊಂಡು ಹುಲ್ಲಿನ ಮೇಲೆ ಕೂತುಬಿಟ್ಟಿದ್ದ. ಕಣ್ಣಲ್ಲಿ ನೀರಿತ್ತು.

"ಅಕ್ಕೋರ, ಸಾಕ್ ಮಾಡ್ರೀ. ಯವ್ವಾ... ಇಂಥಾ ಮೊಣಕಾಲ ಇಟ್ಕೊಂಡು ದಿನಾ ನನಗ ಚಾ ತರಾಕ ಮೆಟ್ಟಲಾ ಹತ್ತಿ ಇಳೀತೀರೇನ್ರೀ?"

ಚಂಪಕ್ಕ ಎಂಜಿನ್ ಬಂದ್ ಮಾಡಿದಳು. "ಅಷ್ಟೇನಿಲ್ಲೋ, ವಯಸ್ಸಿಂದು," ಎಂದಳು. ಆ ಮೊಣಕಾಲಿನ ವಿಷಯ ಅವಳು ಆಸ್ಪತ್ರೆಯ ಡಾಕ್ಟರಿಗೂ ಹೇಳಿರಲಿಲ್ಲ. ಯಮನಪ್ಪ ಎದ್ದು ಹೋಗಿ ಕುರ್ಚಿ ತಂದ, ಅವಳು ಕೂತಳು.

ಇಂದುಧರ ತಪ್ಪೊಪ್ಪಿಗೆಯ ದನಿಯಲ್ಲಿ ಹೇಳಿದ: "ಇದು ಉಪಕರಣದ ದೋಷಾರೀ ಅಕ್ಕೋರ. ಒಂದು ಸೋಸುಗ ಕೂಡ್ರಸ್ತೇನಿ. ಮುಂದ ಯಂತ್ರದ ನೋವಷ್ಟ ಬರ್ತದ, ಮನಷ್ಯಾರದು ಬರಂಗಿಲ್ಲ." ಆ ವಾರವೇ ನಲವತ್ತು ಮನೆಗಳಿಗೂ ಪಟ್ಟಿ ಹಿಂದಿರುಗಿಸಲು ಪತ್ರ ಹೋಯಿತು. ತಿಂಗಳು ಕಳೆದರೂ ಒಂದೂ ಬರಲಿಲ್ಲ. ಒಬ್ಬರು ಕಳೆದುಹೋಯಿತೆಂದರು, ಇನ್ನೊಬ್ಬರು ಫೋನೇ ಎತ್ತಲಿಲ್ಲ. ಕಡೆಗೆ ಇಂದುಧರ ತನ್ನ ಅಕ್ಕೋರಿಗೇ ಫೋನ್ ಮಾಡಿದ.

"ನನ್ನ ಹತ್ರ ಎಲ್ಲೈತಪಾ," ಎಂದಳು ಚಂಪಕ್ಕ. "ಯಮನಪ್ಪ ಒಂದ ದಿನಕ್ಕಂತ ಇಸ್ಕೊಂಡು ಹೋಗಿ ಹೆಂಡತಿ ಹೊಲಿಗಿ ಮಷೀನಿಗೆ ಹಚ್ಯಾನ. ಇವತ್ತ ಕೆಲಸಕ್ಕ ಬಂದಿಲ್ಲ. ಆಕಿನ್ನ ಮಲಗಿಸಿ, ಜಂಪರಿಗೆ ಹುಕ್ಕು ಹಚ್ಚಕೋತ ಕುಂತಾನಂತ."