ಹದಿನೇಳನೆಯ ಸಾಲು

"ಆ ಸಾಲು ಹಂಗ ಬಿಡವಾ. ಖಾಲಿ ಇದ್ದದ್ದು ಖಾಲಿನ ಇರಲಿ," ಎಂದಳು ಚನ್ನವ್ವ, ಹಾಳೆ ಮಡಚುವ ಕೈಯನ್ನು ನಿಲ್ಲಿಸದೆಯೇ.

ವಾರಿಜಾ ನಕ್ಕಳು. ಬೊಂಬಾಯಿಯ ಸಯನ್‌ನ ಆ ಅಚ್ಚುಕೂಟಕ್ಕೆ ಅಚ್ಚಿನ ಮೊಳೆ ಜೋಡಿಸಲು ಸೇರಿ ಅವಳಿಗೆ ಇನ್ನೂ ತಿಂಗಳು ತುಂಬಿರಲಿಲ್ಲ. ವಿಜಾಪುರದ ಕಡೆಯ ಚನ್ನವ್ವ ಇಪ್ಪತ್ತು ವರ್ಷದಿಂದ ಅಲ್ಲಿ ಹಾಳೆ ಮಡಚಿ ಹೊಲಿಯುತ್ತಿದ್ದವಳು.

"ಆಸ್ಟ್ರೇಲಿಯಾದ ದೆವ್ವ ಸಯನ್‌ವರೆಗೆ ಹೇಗೆ ಬರತ್ತೆ ಚನ್ನವ್ವ? ಬಂದರೂ ಲೋಕಲ್ ರೈಲಿನಲ್ಲಿ ಅದಕ್ಕೆ ನಿಲ್ಲೋಕೆ ಜಾಗ ಸಿಗಬೇಕಲ್ಲ."

ಅವರು ಅಚ್ಚು ಹಾಕುತ್ತಿದ್ದ ಪುಸ್ತಕ ಬಂದದ್ದು ಆಸ್ಟ್ರೇಲಿಯಾದಿಂದಲೇ. ಹಿಂದೆ ಬೊಂಬಾಯಿಯಲ್ಲಿ ರೈಲು ಗಾರ್ಡ್ ಆಗಿದ್ದ ಆಂಗ್ಲೋ ಇಂಡಿಯನ್ ಮುದುಕನೊಬ್ಬ ಆಸ್ಟ್ರೇಲಿಯಾಕ್ಕೆ ಹೋಗಿ ನೆಲೆಸಿದ್ದ. ಬಿಂಡಾರಾ ಎಂಬ ತನ್ನ ಒಣಸೀಮೆಯ ಚರಿತ್ರೆಯನ್ನು ಇಂಗ್ಲಿಷಿನಲ್ಲಿ ಬರೆದು, ಅಚ್ಚಿಗೆ ಇಲ್ಲೇ ಅಗ್ಗವೆಂದು ಕಳಿಸಿದ್ದ. ಕುರಿಗಳಿಗೆ ಎರಡು ಅಧ್ಯಾಯ, ರೈಲಿಗೊಂದು, ಬರಕ್ಕೊಂದು. ಹೆಂಗಸರಿಗೆ ಕಡೆಯಲ್ಲಿ ಒಂದು ಪಟ್ಟಿ: ಆ ಸೀಮೆಯ ಸ್ಮಶಾನದಲ್ಲಿ ಮಲಗಿದ ಇಪ್ಪತ್ತಮೂರು ಮಂದಿ. ಹದಿನೇಳನೆಯ ಸಾಲಿನಲ್ಲಿ ಹೆಸರಿನ ಜಾಗ ಖಾಲಿ. ಮುಂದೆ 'ಬಾವಿ ತೋಡುವವನ ಹೆಂಡತಿ' ಎಂದಷ್ಟೇ.

ಅಂಚಿನಲ್ಲಿ ಮುದುಕ ಬರೆದಿದ್ದ ಎಚ್ಚರಿಕೆಯನ್ನು ಮಾಲೀಕ ಸತ್ಯಮೂರ್ತಿಯವರು ಎಲ್ಲರಿಗೂ ಕನ್ನಡದಲ್ಲಿ ಹೇಳಿದ್ದರು. ಇಲ್ಲಿ ಯಾರ ಹೆಸರೂ ಬೇಡ. 1911ರಲ್ಲಿ ಅಲ್ಲಿಯ ಶಾಲಾ ಮೇಷ್ಟ್ರು ಆ ಹೆಂಗಸಿನ ಗೋರಿಯ ಹಲಗೆಯ ಮೇಲೆ ತಮಾಷೆಗೆ ತನ್ನ ಹೆಂಡತಿಯ ಹೆಸರು ಬರೆದ. ಎಂಟನೆಯ ದಿನ ಅವಳು ನೀರು ಹೊತ್ತು ಮನೆಗೆ ಬಂದರೆ ಒಳಗೆ ಇನ್ನೊಬ್ಬಳಿದ್ದಳು. ನೀನು ಯಾರೆಂದು ಅವಳ ಮಕ್ಕಳೇ ಅವಳನ್ನು ಕೇಳಿದರು.

ಚನ್ನವ್ವನಿಗೆ ಇದರಲ್ಲಿ ಆಶ್ಚರ್ಯವಿರಲಿಲ್ಲ. ಅವಳ ಊರ ಕಡೆ ಮಾಟ ಮಾಡುವವರು ಬದುಕಿದ್ದವರ ಹೆಸರನ್ನು ಸೀಸದ ತಗಡಿನ ಮೇಲೆ ತಿರುಗುಮುರುಗಾಗಿ ಕೊರೆದು ಸುಡುಗಾಡಿನಲ್ಲಿ ಹೂಳುತ್ತಿದ್ದರಂತೆ. ಇಲ್ಲಿ ಮೊಳೆಯೂ ಸೀಸದ್ದು, ಅಕ್ಷರವೂ ತಿರುಗುಮುರುಗು. ಸತ್ತವರ ಪಟ್ಟಿಯಲ್ಲಿ ಕೈ ತಪ್ಪಿ ಬದುಕಿದ್ದವರ ಹೆಸರು ಕೂತರೆ ಅದೂ ಹೂಳಿದ ಹಾಗೆಯೇ ಎಂದಿದ್ದಳು.

ವಾರಿಜಾಗೆ ಹೆದರಲೂ ಪುರುಸೊತ್ತಿರಲಿಲ್ಲ. ನಾಲ್ಕಕ್ಕೆ ಎದ್ದು ಚಾಳಿನ ನಲ್ಲಿಯ ಮುಂದೆ ಕೊಡ ಇಡಬೇಕು, ಹಾಸಿಗೆ ಹಿಡಿದ ಅತ್ತೆಗೆ ಮೈ ಒರೆಸಬೇಕು, ಊಟದ ಡಬ್ಬಿ ಕಟ್ಟಬೇಕು. ಗಂಡ ಕೇಶವಮೂರ್ತಿಗೆ ಅವಳು "ಏ, ಇವಳೇ." ನೆರೆಯವರಿಗೆ ಹದಿನಾಲ್ಕನೇ ಖೋಲಿಯವಳು. ಎಂಟು ವರ್ಷದ ಸುಮಿತ್ರಾಳಿಗೆ ಮಾತ್ರ ಅಮ್ಮ. ಆ ಒಂದು ಕರೆಗಾಗಿ ಅವಳು ದಿನವೂ ಮೆಟ್ಟಿಲು ಹತ್ತಿ ಮನೆಗೆ ಬರುತ್ತಿದ್ದಳು.

ಬಾವಿ ತೋಡುವವನು ಊರಿಗೆಲ್ಲ ಬಾವಿ ತೋಡಿದ, ಹೆಂಡತಿ ಆರು ಮೈಲಿಯಾಚೆಯಿಂದ ನೀರು ಹೊತ್ತು ಸತ್ತಳು ಎಂದು ಪುಸ್ತಕದಲ್ಲಿತ್ತು. ತಿದ್ದಿ ಮುಗಿದಿದ್ದ ಆ ಪುಟದ ಮೇಲೆ ವಾರಿಜಾಳ ಕೈ ನಿಂತಿತು. ಪಾಪ, ಒಂದು ಹೆಸರೂ ಇಲ್ಲ. ನನ್ನದನ್ನಾದರೂ ಯಾರು ಬಳಸುತ್ತಾರೆ, ನೀನೇ ಇಟ್ಟುಕೋ. ತನ್ನ ಹೆಸರಿನ ಆರು ಇಂಗ್ಲಿಷ್ ಮೊಳೆ ಹೆಕ್ಕಿ ಖಾಲಿ ಜಾಗದಲ್ಲಿ ಕೂರಿಸಿದಳು. ಒಮ್ಮೆ ಕಣ್ತುಂಬ ನೋಡಿ, ಊಟ ಮುಗಿಸಿ ಬಂದು ತೆಗೆದರಾಯಿತು ಎಂದುಕೊಂಡಳು. ಬರುವಷ್ಟರಲ್ಲಿ ಪುಟ ಯಂತ್ರ ಹತ್ತಿತ್ತು. ಸಾವಿರ ಹಾಳೆ ಬಿದ್ದಿತ್ತು.

ಚನ್ನವ್ವನಿಗೆ ಇಂಗ್ಲಿಷ್ ಬಾರದು. ಆದರೂ ಅವಳ ಬೆರಳು ಆ ಸಾಲಿನ ಮೇಲೆಯೇ ನಿಂತಿತು. "ಇಲ್ಲಿ ಬೆಳ್ಳಗಿತ್ತಲ್ಲವಾ."

ವಾರಿಜಾ ನಿಜ ಹೇಳಿದಳು. ಚನ್ನವ್ವ ಬೈಯಲಿಲ್ಲ, ಎದ್ದು ಹೋಗಿ ಕೈ ತೊಳೆದುಕೊಂಡು ಬಂದಳು.

ಮೂರನೆಯ ದಿನ ಹಾಜರಿ ಕೂಗುತ್ತಿದ್ದ ಸತ್ಯಮೂರ್ತಿಯವರು ವಾರಿಜಾಳ ಮುಖ ನೋಡಿ ತಡವರಿಸಿ ಮುಂದಿನ ಹೆಸರಿಗೆ ಹೋದರು. ಐದನೆಯ ದಿನ ನಲ್ಲಿಯ ಸಾಲಿನಲ್ಲಿ ಅವಳ ಕೊಡವನ್ನು ಯಾರದೋ ಎಂದು ಪಕ್ಕಕ್ಕೆ ಸರಿಸಿದರು. ಹೊರಗೆ ಜುಲೈ ಮಳೆ ಸುರಿಯುತ್ತಿದ್ದರೂ ಖೋಲಿಯಲ್ಲಿ ಒಣ ಧೂಳಿನ ವಾಸನೆ, ಹಸಿ ಕುರಿಯುಣ್ಣೆಯ ಜಿಡ್ಡು ವಾಸನೆ. ಬಚ್ಚಲ ಮೋರಿಯ ಕತ್ತಲಲ್ಲಿ ಬಕೆಟ್ಟು ಕಲ್ಲಿಗೆ ಉಜ್ಜಿದ ಸದ್ದು. ಹೋಗಿ ನೋಡಿದರೆ ಯಾರೂ ಇಲ್ಲ. ಏಳನೆಯ ದಿನ ಗಂಡ ಮೂರೇ ತಟ್ಟೆ ಹಾಕಿದ. ತನಗೆ, ತಾಯಿಗೆ, ಮಗಳಿಗೆ. ಅವನ ಮುಖದಲ್ಲಿ ಕೊಂಕಿರಲಿಲ್ಲ, ಸಿಟ್ಟಿರಲಿಲ್ಲ. ಸುಮಿತ್ರಾ ಮಾತ್ರ ತನ್ನ ತಟ್ಟೆಯನ್ನು ಅವಳತ್ತ ಸರಿಸಿ, "ಅಮ್ಮಾ, ಇದರಲ್ಲೇ ತಿನ್ನು," ಎಂದಳು.

ಎಂಟನೆಯ ದಿನ ಮಧ್ಯಾಹ್ನ ವಾರಿಜಾ ಚನ್ನವ್ವನ ಎದುರು ಕುಸಿದಳು. ಮಗಳೊಬ್ಬಳು ಉಳಿದರೆ ಸಾಕು ಎಂದಳು.

"ಮೊಳಿ ಕರಗಿಸು. ಹಾಳಿ ಎಲ್ಲಾ ಸುಡಬೇಕು. ಒಂದೂ ಉಳೀಬಾರದು."

ಆರು ಮೊಳೆಗಳನ್ನು ಕಿತ್ತು ಸೀಸ ಕಾಯಿಸುವ ಬಾಣಲೆಗೆ ಹಾಕಿದಳು. ಸೀಸ ಕರಗಿತು. ಪುಸ್ತಕದ ಪೆಟ್ಟಿಗೆಗಳಿದ್ದ ಮೂಲೆಗೆ ಓಡಿದಳು. ಮೂಲೆ ಬರಿದಾಗಿತ್ತು. ಬೆಳಿಗ್ಗೆ ಅವರು ಬರುವ ಮುಂಚೆಯೇ ಲಾರಿ ಎಲ್ಲ ಹೇರಿಕೊಂಡು ಬಂದರಿಗೆ ಹೋಗಿತ್ತು.

ಓಡಿದಳು. ಮಳೆ. ಮನೆಯ ದಾರಿ. ಕೊಡೆಗಳ ಸಂದಿ. ಕೆಸರು. ಯಾರೋ ತಳ್ಳಿದರು. ಯಾರೂ ತಿರುಗಿ ನೋಡಲಿಲ್ಲ. ಚಾಳು. ಮೆಟ್ಟಿಲು. ಮೆಟ್ಟಿಲು. ಉಣ್ಣೆಯ ವಾಸನೆ. ಬಾಗಿಲು ತೆರೆದಿತ್ತು.

ಒಳಗೆ ಸುಮಿತ್ರಾ ಸ್ಕೂಲಿನ ಕತೆ ಹೇಳುತ್ತಿದ್ದಳು. ಒಲೆಯ ಮುಂದೆ ಬೆನ್ನು ಮಾಡಿ ಕೂತವಳೊಬ್ಬಳು ಹೂಂಗುಡುತ್ತಿದ್ದಳು. ಅವಳ ಕತ್ತಿನ ಹಿಂದೆ ಬಿಸಿಲು ಸುಟ್ಟ ಕೆಂಪು ಚರ್ಮ ಸುಲಿದಿತ್ತು. ಉಟ್ಟದ್ದು ವಾರಿಜಾಳ ಸೀರೆ.

"ಸುಮೀ."

ಹುಡುಗಿ ಬಾಗಿಲಿಗೆ ಬಂದಳು. ಮೇಲಿನಿಂದ ಕೆಳಗಿನವರೆಗೆ ನೋಡಿದಳು. "ಆಂಟಿ, ನಿಮಗೆ ಯಾರು ಬೇಕು?"

ವಾರಿಜಾ ಅವಳ ಕಡೆ ಕೈ ಚಾಚಿದಳು.

"ಅಮ್ಮಾ, ಯಾರೋ ಬಂದಿದ್ದಾರೆ."

"ಹೆಸರು ಕೇಳು," ಎಂದಿತು ಒಲೆಯ ಕಡೆಯಿಂದ ಒಣಗಿದ ದನಿ. ಅದರಲ್ಲೂ ದಣಿವಿತ್ತು, ಆರು ಮೈಲಿಯ ದಣಿವು.

ಹೊಸ್ತಿಲಲ್ಲಿ ನಿಂತವಳು ಬಾಯಿ ತೆರೆದಳು. ನಾಲಿಗೆ ಹೆಸರು ಹುಡುಕಿತು. ಏನೂ ಸಿಗಲಿಲ್ಲ.

ಬಾಗಿಲಿಗೆ ಬಂದವರನ್ನು ನೀರು ಕೊಡದೆ ಕಳಿಸಬಾರದೆಂದು ಯಾರೋ ಆ ಮಗುವಿಗೆ ಚೆನ್ನಾಗಿ ಕಲಿಸಿದ್ದರು. ಸುಮಿತ್ರಾ ಒಳಗೆ ಹೋಗಿ ಲೋಟದಲ್ಲಿ ನೀರು ತಂದು ಹೊಸ್ತಿಲ ಮೇಲಿಟ್ಟು, ಮೆತ್ತಗೆ ಬಾಗಿಲು ಹಾಕಿಕೊಂಡಳು.