ಹೊಳೆಗೆ ಬೇಡವಾದವರು

ಬಹಳ ಹಿಂದೆ, ಹೊಳೆಗೂ ಹೆದರಿಕೆ ಇದ್ದ ಕಾಲದಲ್ಲಿ, ಸೋಮಗಿರಿ ಎಂಬ ರಾಜ್ಯವಿತ್ತು. ಅಲ್ಲಿ ದುರುಗಿ ಮತ್ತು ಅವಳ ಗಂಡ ಸಣ್ಣೀರ ಹರಿಗೋಲು ನಡೆಸುತ್ತಿದ್ದರು. ಅವನು ಮುಂದೆ ಕೂತು ಬಿದಿರಿನ ಗಳ ಇಳಿಸಿ ಆಳ ನೋಡುವವನು. ಅವಳು ಹಿಂದೆ ಕೂತು ಹುಟ್ಟು ಹಾಕುವವಳು. ನಡುಹೊಳೆಯಲ್ಲಿ ಆಡಿದ ಜಗಳ ದಡ ಮುಟ್ಟುವುದರೊಳಗೆ ಮರೆತುಹೋಗುತ್ತಿತ್ತು.

ಆ ಹೊಳೆಯನ್ನು ತನ್ನ ಹಂಡೆಯಲ್ಲಿ ಮುಚ್ಚಿಡಬೇಕೆಂದು ಧೂಮಕರ್ಣನೆಂಬ ಮಾಂತ್ರಿಕನಿಗೆ ಹುಚ್ಚು. ಹೊಳೆಯನ್ನು ಕಾಯುವ ನೀರುನಾಯಿಯೂ ಹೊನ್ನಕಪ್ಪೆಯೂ ಇರುವತನಕ ಅದು ಆಗದು, ಅವುಗಳಿಗೆ ಅವನ ಮಂತ್ರ ನೇರವಾಗಿ ತಟ್ಟದು. ಅವನೊಂದು ಮಂತ್ರ ಹಾಕಿದ: ಹೊಳೆಯ ಜನ ಯಾವುದನ್ನು ಬೇಡವೆನ್ನುತ್ತಾರೋ ಅದು ಕಲ್ಲಾಗಬೇಕು. ಮೀನು ಕದಿಯುತ್ತದೆಂದು ನೀರುನಾಯಿ ಬೇಡವೆಂದರು ಕೆಲವರು. ನಿದ್ದೆ ಕೆಡಿಸುತ್ತದೆಂದು ಕಪ್ಪೆ ಬೇಡವೆಂದರು ಕೆಲವರು. ಒಂದೊಂದಾಗಿ ಎಲ್ಲ ಕಲ್ಲಾಗಿ ಕೊನೆಗೆ ಉಳಿದದ್ದು ಒಂದು ನೀರುನಾಯಿ, ಒಂದು ಕಪ್ಪೆ.

ಸಣ್ಣೀರ ಮಾತ್ರ ಯಾವುದನ್ನೂ ಬೇಡವೆನ್ನಲಿಲ್ಲ. ಧೂಮಕರ್ಣ ಸಿಟ್ಟಿನಿಂದ ಅವನನ್ನೇ ಕಲ್ಲು ಮಾಡಿ ದುರುಗಿಯ ಮುಂದೆ ನಿಂತ.

"ನೀರುನಾಯಿ, ಕಪ್ಪೆ ಎರಡನ್ನೂ ಹೋಲಿಸಿ ನೋಡು. ಹೊಳೆಗೆ ಯಾರು ಬೇಡ ಎಂದು ಹೇಳು, ಗಂಡನನ್ನು ಕೊಡುತ್ತೇನೆ."

ಮೊದಲು ಮಡುವಿಗೆ ಉಂಗುರ ಎಸೆದ. ಕಪ್ಪೆ ದಡದಲ್ಲೇ ಕೂತಿತು, ನೀರುನಾಯಿ ಮುಳುಗಿ ತಂದಿತು.

"ಕಪ್ಪೆ ಬೇಡ ಅನ್ನು."

ದುರುಗಿ ಆಗದೆಂದು ತಲೆಯಾಡಿಸಿದಳು.

ಮತ್ತೆ ಉಂಗುರವನ್ನು ಬಂಡೆಯ ಬಿರುಕಿಗೆ ಎಸೆದ. ನೀರುನಾಯಿಯ ಮೂತಿಯೂ ತೂರಲಿಲ್ಲ, ಕಪ್ಪೆ ನುಸುಳಿ ತಂದಿತು.

"ನೀರುನಾಯಿ ಬೇಡ ಅನ್ನು."

ಮಾತು ದುರುಗಿಯ ನಾಲಿಗೆಯ ತುದಿಗೆ ಬಂದಿತ್ತು. ಗಂಡನ ಕಲ್ಲುಮುಖವನ್ನೊಮ್ಮೆ ಮುಟ್ಟಿ ನೋಡಿದಳು. ಆದರೂ ಮಾತನ್ನು ನುಂಗಿಕೊಂಡಳು.

ಮೂರನೆಯ ಸಲ ಅವನು ನೀರಿಗೆ ವಿಷ ಸುರಿದ. ಚರ್ಮದಿಂದಲೇ ನೀರು ಕುಡಿಯುವ ಕಪ್ಪೆಗೆ ಮೊದಲು ತಿಳಿಯಿತು, ಕೂಗಿಕೊಂಡಿತು. ಕೂಗು ಕೇಳಿ ಮೇಲೆದ್ದ ನೀರುನಾಯಿ, ಸೋತ ಕಪ್ಪೆಯನ್ನು ಹಲ್ಲು ತಾಗದಂತೆ ಬಾಯಲ್ಲಿ ಹಿಡಿದು ದಡ ಸೇರಿಸಿತು.

ದುರುಗಿ ಕಣ್ಣೊರೆಸಿಕೊಂಡಳು. "ನಮ್ಮ ಹರಿಗೋಲಲ್ಲಿ ಒಬ್ಬರು ಆಳ ನೋಡಬೇಕು, ಒಬ್ಬರು ಹುಟ್ಟು ಹಾಕಬೇಕು. ಯಾರನ್ನು ಇಳಿಸಿದರೂ ಮುಳುಗುತ್ತೇವೆ. ಇವೂ ಹಾಗೆಯೇ."

"ಸುತ್ತಿ ಬಳಸಬೇಡ. ಹೊಳೆಗೆ ಯಾರು ಬೇಡ, ಹೇಳು."

"ನೀನು ಬೇಡ," ಎಂದಳು ದುರುಗಿ.

ಧೂಮಕರ್ಣ ನಿಂತಲ್ಲೇ ಕಲ್ಲಾದ. ಅವನು ಇತರರ ಮೇಲೆ ಹಾಕಿದ್ದ ಮಂತ್ರವೆಲ್ಲ ಕಳಚಿತು. ನೀರು ತಿಳಿಯಾಯಿತು. ದಡದ ಕಲ್ಲುಗಳು ನೀರುನಾಯಿಗಳಾಗಿ, ಕಪ್ಪೆಗಳಾಗಿ ಎದ್ದವು. ಸಣ್ಣೀರ ಮೈಮುರಿದ.

"ಏನೇ, ಇನ್ನೂ ದಡದಲ್ಲೇ ನಿಂತಿದ್ದೀಯಲ್ಲ?"

"ನಿನಗೇ ಕಾಯ್ತಿದ್ದೆ. ಗಳ ಹಿಡಿ, ಬಾ."

ಆಮೇಲೆ ಎಲ್ಲರೂ ಸುಖವಾಗಿದ್ದರು. ಮೀನು ಹೋಯಿತೆಂದು, ನಿದ್ದೆ ಕೆಟ್ಟಿತೆಂದು ಗೊಣಗುವವರು ಆಗಲೂ ಇದ್ದರು. ಆದರೆ ಬೇಡ ಎಂಬ ಮಾತನ್ನು ಮಾತ್ರ ಯಾರೂ ಆಡಲಿಲ್ಲ.